ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಓದಿಸಿಕೊಳ್ಳುವ ಪಾಂಪ್ಲೆಟ್ ಮಾಡುವುದು ಹೇಗೆ?

ಬೆಳಿಗ್ಗೆ ಪೇಪರ್ ಬಿಡಿಸಿದರೆ ಒಳಗಿಂದ ಒಂದೆರಡು ಹಾಳೆ ಜಾರಿ ಕೆಳಗೆ ಬೀಳುತ್ತವೆ. ಬಗ್ಗಿ ಎತ್ತಿಕೊಳ್ಳುತ್ತೀರಿ. ಅದು ಟೀಪಾಯಿ ಮೇಲೆ ಉಳಿಯಬೇಕೋ, ಕಸದ ಬುಟ್ಟಿಗೆ ಹೋಗಬೇಕೋ ಅನ್ನುವುದು ನೀವು ಮತ್ತೆ ನೆಟ್ಟಗೆ ನಿಲ್ಲುವಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ಪಾಂಪ್ಲೆಟ್ ಮಾಡುವವರಿಗೆ ಸಿಗುವ ಸಮಯ ಅಷ್ಟೇ.

ಆ ಸಮಯದಲ್ಲಿ ಒಂದು ಮಾತು ಹೇಳಬಹುದು. ಎರಡು ಹೇಳಲು ಹೋದರೆ ಎರಡೂ ಕೇಳಿಸುವುದಿಲ್ಲ. ಈ ಬರಹದ ಉದ್ದಕ್ಕೂ ನಾನು ಮಾಡುವುದು ಒಂದೇ ಕೆಲಸ: ತೆಗೆಯುವುದು. ಏನೇನು ತೆಗೆಯಬೇಕು, ಉಳಿದದ್ದನ್ನು ಹೇಗೆ ಕೂರಿಸಬೇಕು ಅನ್ನುವುದನ್ನು ಒಂದು ನಿಜವಾದ ಪಾಂಪ್ಲೆಟ್ ಇಟ್ಟುಕೊಂಡೇ ಹೇಳುತ್ತೇನೆ.

ಮೈಸೂರಿನ ನಮ್ಮ ಬೀದಿಗೆ ಗದಗ ಕಡೆಯ ಒಬ್ಬ ಅಕ್ಕ ಬಂದಿದ್ದಾರೆ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಜೊತೆ ಕಟ್ಟಿ ಮನೆಮನೆಗೆ ಕಳಿಸುತ್ತಾರೆ. ಪಾಂಪ್ಲೆಟ್ ಬೇಕು ಅಂತ ನೋಟ್‌ಬುಕ್ಕಿನ ಒಂದು ಹಾಳೆ ಹಿಡಿದುಕೊಂಡು ಬಂದರು. ಅದರಲ್ಲಿ ಮೇಲೆ ದೇವರ ಹೆಸರು, ಕೆಳಗೆ "ಶುಭಾರಂಭ", ಆಮೇಲೆ 23 ತಿಂಡಿಗಳ ಪಟ್ಟಿ, ಶುಚಿ ರುಚಿ ನಮ್ಮ ಧ್ಯೇಯ, ಮದುವೆ ಮುಂಜಿಗೆ ಆರ್ಡರ್, ಮೂರು ಫೋನ್ ನಂಬರ್, ಎರಡು ಸಾಲಿನ ವಿಳಾಸ, ಕೊನೆಗೆ "ಒಮ್ಮೆ ಭೇಟಿ ಕೊಡಿ". ನಾನು ಸ್ವಲ್ಪ ಕಡಿಮೆ ಮಾಡೋಣ ಅಂದೆ. "ಎಲ್ಲಾ ಹಾಕ್ರಿ, ದುಡ್ಡು ಕೊಟ್ಟ ಮ್ಯಾಲೆ ಜಾಗ ಯಾಕ ಖಾಲಿ ಬಿಡಬೇಕು?" ಅಂದರು. ನ್ಯಾಯವಾದ ಪ್ರಶ್ನೆಯೇ. ಉತ್ತರ ಕೊಡಲು ನನಗೆ ಒಂದು ಸಂಜೆ ಬೇಕಾಯಿತು.

ಮೊದಲು ಪೆನ್ನು, ಆಮೇಲೆ ಕಂಪ್ಯೂಟರ್

ಕ್ಯಾನ್ವಾ ತೆರೆದು ಟೆಂಪ್ಲೇಟ್ ಹುಡುಕುವುದಕ್ಕೆ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ: ಇದನ್ನು ನೋಡಿದವರು ಏನು ಮಾಡಬೇಕು?

ಅಕ್ಕನನ್ನು ಕೇಳಿದೆ. "ಫೋನ್ ಮಾಡಬೇಕ್ರೀ" ಅಂದರು. ಹಾಗಾದರೆ "ಒಮ್ಮೆ ಭೇಟಿ ಕೊಡಿ" ಯಾಕೆ? ಅವರದು ಅಂಗಡಿ ಅಲ್ಲ, ಮನೆ. ಯಾರಾದರೂ ಭೇಟಿ ಕೊಟ್ಟರೆ ಕೂರಿಸಲು ಜಾಗವೇ ಇಲ್ಲ! ಎಲ್ಲರ ಪಾಂಪ್ಲೆಟ್ಟಿನಲ್ಲೂ ಇದೆ ಅಂತ ಇವರೂ ಬರೆದಿದ್ದರು, ಅಷ್ಟೇ.

ಕೂತು ಈ ಸಾಲು ಬರೆದೆವು: "ಕುವೆಂಪುನಗರದ ಸುತ್ತ ಇರುವ, ರೊಟ್ಟಿ ಊಟ ಬೇಕೆನಿಸಿದವರು ಹಿಂದಿನ ರಾತ್ರಿ 9ರೊಳಗೆ ಫೋನ್ ಮಾಡಬೇಕು." ಯಾರು, ಏನು, ಯಾವಾಗ ಎಲ್ಲ ಬಂತು. ಈ ಸಾಲಿಗೆ ನೆರವಾಗದ ಯಾವುದೂ ಹಾಳೆ ಮೇಲೆ ಇರಬಾರದು. 23 ತಿಂಡಿ ನಾಲ್ಕಾದವು. ಮದುವೆ ಆರ್ಡರ್ ಹೋಯಿತು, ಅದು ಬೇರೆ ಗಿರಾಕಿ, ಬೇರೆ ಪಾಂಪ್ಲೆಟ್. ಮೂರು ನಂಬರಿನಲ್ಲಿ ಒಂದು ಊರಲ್ಲಿರುವ ತಮ್ಮನದು ಅಂತ ಆಗ ಗೊತ್ತಾಯಿತು.

ದೇವರ ಹೆಸರನ್ನು ಮಾತ್ರ ಮುಟ್ಟಲಿಲ್ಲ. ಮೇಲ್ತುದಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇದ್ದರೆ ವಿನ್ಯಾಸವೇನೂ ಕೆಡುವುದಿಲ್ಲ. ಮಾಡಿಸುವವರ ಮನಸ್ಸು ಕೆಡಿಸಿ ಪಾಂಪ್ಲೆಟ್ ಚಂದ ಮಾಡಿ ಏನು ಪ್ರಯೋಜನ?

ತಲೆಬರಹ

"ಶುಭಾರಂಭ! ಶುಭಾರಂಭ!!" ಅನ್ನುವುದು ಅಂಗಡಿಯವರ ಸಂತೋಷ. ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ನಿಮ್ಮ ಹೆಸರೂ ಅಷ್ಟೇ. ಹೊಸಬರ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಅದನ್ನು ಎಲ್ಲಕ್ಕಿಂತ ದೊಡ್ಡದಾಗಿ ಹಾಕಿ ಉಪಯೋಗವಿಲ್ಲ. ತಲೆಬರಹದಲ್ಲಿ ಇರಬೇಕಾದ್ದು ಓದುವವರಿಗೆ ಸಿಗುವ ವಸ್ತು.

ನಾವು ಹತ್ತು ಸಾಲು ಬರೆದೆವು. "ಉತ್ತರ ಕರ್ನಾಟಕ ಶೈಲಿಯ ಸಾಂಪ್ರದಾಯಿಕ ಊಟ" ಅನ್ನುವುದು ಸರಿಯಾಗಿದೆ, ಆದರೆ ಸಪ್ಪೆ. "ರೊಟ್ಟಿ ಬಡಿಯೋ ಸಪ್ಪಳ ಕೇಳಿ ಎಷ್ಟು ದಿನ ಆತ್ರೀ?" ನನಗೆ ಬಹಳ ಇಷ್ಟವಾಗಿತ್ತು. ಆದರೆ ಉದ್ದ. ದೊಡ್ಡ ಅಕ್ಷರದಲ್ಲಿ ಹಾಕಿದರೆ ಅರ್ಧ ಹಾಳೆ ತಿನ್ನುತ್ತದೆ. ಕೊನೆಗೆ ಅಕ್ಕ ಟೀ ಲೋಟ ಇಡುತ್ತಾ "ಬಿಸಿ ರೊಟ್ಟಿ ಬಂತ್ರೀ ಅಂತ ಬರೀರಿ, ಸಾಕು" ಅಂದರು. ಅದೇ ಉಳಿಯಿತು: "ಬಿಸಿ ರೊಟ್ಟಿ ಬಂತ್ರೀ!"

ಮೂರೇ ಪದ. ಆ "ರೀ" ನೋಡಿದ ಕೂಡಲೇ ಧಾರವಾಡ, ಗದಗ, ವಿಜಯಪುರದ ಕಡೆಯವರಿಗೆ ಇದು ತಮ್ಮವರ ಹಾಳೆ ಅಂತ ಗೊತ್ತಾಗುತ್ತದೆ. ಮೈಸೂರಿನವರಿಗೆ ಅಸಲಿ ರೊಟ್ಟಿ ಅನ್ನುವ ನಂಬಿಕೆ ಬರುತ್ತದೆ. ಪುಸ್ತಕದ ಕನ್ನಡಕ್ಕಿಂತ ಗಿರಾಕಿ ಆಡುವ ಕನ್ನಡ ಪಾಂಪ್ಲೆಟ್ಟಿಗೆ ಜಾಸ್ತಿ ಹೊಂದುತ್ತದೆ.

ಅಳತೆ

ಹೆಚ್ಚು ಯೋಚಿಸಬೇಡಿ. ಎ5 ಸಾಕು, ಅಂದರೆ 148×210 ಮಿ.ಮೀ., ಎ4 ಹಾಳೆಯ ಅರ್ಧ. ಹಳೆಯ ಪ್ರೆಸ್ಸುಗಳಲ್ಲಿ ಈಗಲೂ "1/8 ಡೆಮ್ಮಿ" ಅನ್ನುತ್ತಾರೆ. 18×23 ಇಂಚಿನ ಡೆಮ್ಮಿ ಹಾಳೆಯ ಎಂಟನೇ ಒಂದು ಪಾಲು, ಸುಮಾರು 5.75×9 ಇಂಚು. ಎ5ಗಿಂತ ತುಸು ಉದ್ದ. ಫೈಲ್ ಮಾಡುವ ಮೊದಲೇ ಪ್ರೆಸ್ಸಿಗೆ ಒಂದು ಫೋನ್ ಮಾಡಿ ಯಾವ ಅಳತೆ ಅಂತ ಕೇಳಿ. ಆಮೇಲೆ ಎಳೆದು ಹಿಗ್ಗಿಸಿದರೆ ಅಕ್ಷರಗಳ ಆಕಾರ ಕೆಡುತ್ತದೆ.

ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ ಬಿಡಿ. ಕಟಿಂಗ್ ಮೆಷಿನ್ ಕೂದಲೆಳೆ ಆಚೀಚೆ ಆದರೂ ಬಿಳಿ ಅಂಚು ಕಾಣಬಾರದು ಅಂತ ಬಣ್ಣವನ್ನು ಅಳತೆಗಿಂತ ಆಚೆಗೆ ಹರಿಸುವುದು ಇದು. ಎ5ಗೆ ಫೈಲ್ 154×216 ಮಿ.ಮೀ. ಆಗುತ್ತದೆ. ಅಕ್ಷರಗಳನ್ನು ಮಾತ್ರ ಅಂಚಿನಿಂದ ಕನಿಷ್ಠ 6-7 ಮಿ.ಮೀ. ಒಳಗಿಡಿ. ಚಿತ್ರಗಳ ರೆಸಲ್ಯೂಶನ್ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ.

ಹಾಳೆಯನ್ನು ಹಂಚುವುದು

ಒಂದು ಬಿಳಿ ಹಾಳೆಯನ್ನು ಎ5 ಅಳತೆಗೆ ಮಡಚಿ, ಪೆನ್ಸಿಲಿನಲ್ಲಿ ಬರೀ ಚೌಕ ಹಾಕಿ. ನಮ್ಮದರಲ್ಲಿ ಮೇಲಿನ ಮೂರನೇ ಒಂದು ಭಾಗ ತಲೆಬರಹಕ್ಕೆ ಹೋಯಿತು. ನಡುವೆ ರೊಟ್ಟಿಯ ಫೋಟೋ, ಅದರ ಕೆಳಗೆ ನಾಲ್ಕು ಸಾಲು, ಕೆಳಗಿನ ಪಟ್ಟಿಯಲ್ಲಿ ಫೋನ್ ನಂಬರ್. ಚಿತ್ರ ಬಿಡಿಸಲು ಬರಬೇಕಾಗಿಲ್ಲ. ಐದು ನಿಮಿಷದಲ್ಲಿ ಮೂರು ಥರ ಮಾಡಿ ನೋಡಬಹುದು. ಕಂಪ್ಯೂಟರಿನಲ್ಲಿ ಅದೇ ಕೆಲಸಕ್ಕೆ ಒಂದು ಗಂಟೆ ಹೋಗುತ್ತದೆ.

ಆಮೇಲೆ ಆ ಹಾಳೆಯನ್ನು ನೆಲದ ಮೇಲೆ ಹಾಕಿ, ನಿಂತು ನೋಡಿ. ಬೀಳುವ ಹಾಳೆಯನ್ನು ಜನ ಮೊದಲು ನೋಡುವುದು ಅಲ್ಲಿಂದಲೇ ತಾನೆ. ನಿಂತಲ್ಲಿಂದ ಮೊದಲು ತಲೆಬರಹ, ಆಮೇಲೆ ಫೋಟೋ, ಆಮೇಲೆ ನಂಬರ್ ಕಾಣಬೇಕು. ಮೂರೂ ಒಂದೇ ಜೋರಿನಲ್ಲಿ ಕೂಗುತ್ತಿದ್ದರೆ ಎರಡನ್ನು ಚಿಕ್ಕದು ಮಾಡಿ.

ಅಕ್ಕನ ಖಾಲಿ ಜಾಗದ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇಲ್ಲೇ. ಎರಡು ಹಾಳೆ ಪಕ್ಕಪಕ್ಕ ಹಾಕಿದೆ, ಒಂದರಲ್ಲಿ ಅವರ ಪಟ್ಟಿ ಪೂರ್ತಿ, ಇನ್ನೊಂದರಲ್ಲಿ ಮೂರು ಪದ. ಅವರು ಒಂದು ಕ್ಷಣ ನೋಡಿ, "ತಾಟಿನ್ಯಾಗ ಎಲ್ಲಾ ಕಲಸಿ ಬಡಿಸಿದಂಗ ಆಗೇತಿ" ಅಂದರು, ತಮ್ಮದನ್ನೇ ತೋರಿಸಿ.

ಕನ್ನಡ ಅಕ್ಷರ: ಅರ್ಧ ಕೆಲಸ ಇಲ್ಲೇ ಇದೆ

ಡಿಸೈನ್ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಇಂಗ್ಲಿಷ್ ಅಕ್ಷರಗಳಿಗಾಗಿ ಬರೆದದ್ದು. ಹಾಗೇ ಕನ್ನಡಕ್ಕೆ ಹಾಕಿದರೆ ಕೈಕೊಡುತ್ತದೆ.

ಮೊದಲನೆಯದು ಒತ್ತು. "ರೊಟ್ಟಿ", "ಬಂತ್ರೀ" ಎರಡನ್ನೂ ನೋಡಿ. ಒಂದರಲ್ಲಿ ಟ ಒತ್ತು, ಇನ್ನೊಂದರಲ್ಲಿ ರ ಒತ್ತು ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ತಲೆಬರಹಕ್ಕೆ ಕೊಡುವಷ್ಟೇ ಸಾಲಿನ ಅಂತರ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸಣ್ಣಕ್ಷರಕ್ಕೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಸಾಲಿನ ಅಂತರ ಇಡಿ. ತಲೆಬರಹದಲ್ಲಿ ಲೆಕ್ಕ ಬೇಡ, ಕಣ್ಣಲ್ಲಿ ನೋಡಿ ಕೂರಿಸಿ. ನಾವು "ಬಿಸಿ ರೊಟ್ಟಿ" ಮೇಲಿನ ಸಾಲಿಗೂ "ಬಂತ್ರೀ!" ಕೆಳಗಿನ ಸಾಲಿಗೂ ಹಾಕಿದೆವು. ಟ್ಟಿಯ ಒತ್ತು ಕೆಳಗಿನ ದೀರ್ಘದ ಮೇಲೆ ಬಂದು ಕೂತಿತು. ಕೆಳಗಿನ ಸಾಲನ್ನು ಒಂದು ಬೆರಳಷ್ಟು ಎಡಕ್ಕೆ ಸರಿಸಿದ ಮೇಲೆ ಒತ್ತು ಖಾಲಿ ಜಾಗದಲ್ಲಿ ಇಳಿಯಿತು. ಆಮೇಲೆ ಎರಡು ಸಾಲೂ ಒಂದಕ್ಕೊಂದು ಕೈಹಿಡಿದ ಹಾಗೆ ಕಂಡವು.

ಎರಡನೆಯದು ಒತ್ತಿ ಹೇಳುವ ಬಗೆ. ಇಂಗ್ಲಿಷಿನಲ್ಲಿ ಎಲ್ಲ ದೊಡ್ಡಕ್ಷರ ಹಾಕಿ ಕೂಗಬಹುದು. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತ ಇಲ್ಲ. ಓರೆ ಅಕ್ಷರವೂ ಕನ್ನಡಕ್ಕೆ ಒಗ್ಗುವುದಿಲ್ಲ, ದುಂಡಗಿನ ಅಕ್ಷರ ಬಿದ್ದುಹೋದಂತೆ ಕಾಣುತ್ತದೆ. ನಮಗೆ ಉಳಿಯುವುದು ಅಳತೆ, ದಪ್ಪ, ಬಣ್ಣ. ದಪ್ಪ ಬೇಕಿದ್ದರೆ ನಿಜವಾದ ಬೋಲ್ಡ್ ಇರುವ ಫಾಂಟನ್ನೇ ಆರಿಸಿ. ಸಾಫ್ಟ್‌ವೇರ್ ತಾನೇ ಗೆರೆ ಸೇರಿಸಿ ದಪ್ಪ ಮಾಡಿದರೆ ಅಕ್ಷರದ ಒಳಗಿನ ಕಣ್ಣುಗಳು ಮುಚ್ಚಿಹೋಗುತ್ತವೆ.

ಮೂರನೆಯದು, ಅಕ್ಷರಗಳ ನಡುವೆ ಜಾಗ ಬಿಡಿಸುವುದು. ಇಂಗ್ಲಿಷಿನಲ್ಲಿ ಇದು ಸ್ಟೈಲ್. ಕನ್ನಡದಲ್ಲಿ ಮಾಡಿದರೆ ದೀರ್ಘ, ಅರ್ಕಾವತ್ತು ತಮ್ಮ ಅಕ್ಷರ ಬಿಟ್ಟು ದೂರ ನಿಂತುಕೊಳ್ಳುತ್ತವೆ. ಮಾಡಲೇಬೇಡಿ. ಒಂದರ ಕೆಳಗೊಂದು ಅಕ್ಷರ ಜೋಡಿಸಿ ಉದ್ದಕ್ಕೆ ಬರೆಯುವುದೂ ಬೇಡ.

ಫಾಂಟ್ ಎಲ್ಲಿಂದ? ಗೂಗಲ್ ಫಾಂಟ್ಸ್‌ನಲ್ಲಿ ದುಡ್ಡಿಲ್ಲದೆ ಸಿಗುವ ಯೂನಿಕೋಡ್ ಫಾಂಟ್‌ಗಳು ಈಗ ಸಾಕಷ್ಟಿವೆ. ಬಲೂ ತಮ್ಮ 2 ದುಂಡು ದುಂಡಾಗಿ, ತುಂಬಿದ ಕೆನ್ನೆಯ ಹಾಗೆ ಇರುತ್ತದೆ. ಊಟ ತಿಂಡಿ, ಮಕ್ಕಳ ಕ್ಲಾಸಿಗೆ ಹೇಳಿ ಮಾಡಿಸಿದ್ದು. ಅನೇಕ್ ಕನ್ನಡದಲ್ಲಿ ಕಿರಿದು, ಅಗಲ, ತೆಳು, ದಪ್ಪ ಎಲ್ಲ ಬಗೆ ಇವೆ. ಉದ್ದನೆಯ ಪದ ಚಿಕ್ಕ ಜಾಗದಲ್ಲಿ ಹಿಡಿಸಬೇಕಾದಾಗ ಅದು ಕಾಪಾಡುತ್ತದೆ. ಸಣ್ಣಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ. ಸಂಗೀತ ಕಛೇರಿ, ಪುಸ್ತಕ ಬಿಡುಗಡೆಯಂಥ ಗಂಭೀರ ಕಾರ್ಯಕ್ರಮಕ್ಕೆ ಟೀರೋ ಕನ್ನಡ ನೋಡಿ. ಒಂದು ಹಾಳೆಗೆ ಎರಡು ಫಾಂಟ್ ಸಾಕು. ನಾವು ತಲೆಬರಹಕ್ಕೆ ಬಲೂ, ಉಳಿದದ್ದಕ್ಕೆಲ್ಲ ನೋಟೋ ಬಳಸಿದೆವು. ಸಣ್ಣಕ್ಷರ 11 ಪಾಯಿಂಟಿಗಿಂತ ಕೆಳಗೆ ಇಳಿಯದಿರಲಿ. ಪೇಪರ್ ಓದುವ ಮನೆಗಳಲ್ಲಿ ಕನ್ನಡಕ ಹುಡುಕುವವರೇ ಜಾಸ್ತಿ.

ಇನ್ನೊಂದು ಮಾತು. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತು ಕಿತ್ತುಹೋಗುತ್ತದೆ. ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಮಾಡಿಕೊಂಡು ಫೈಲನ್ನು ಹೊಸದಾಗಿ ಶುರುಮಾಡಬೇಕು. ಇನ್‌ಡಿಸೈನಿನಲ್ಲಾದರೆ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಉಚಿತ, ಕನ್ನಡವನ್ನು ತಕರಾರಿಲ್ಲದೆ ತೋರಿಸುತ್ತದೆ.

ಬಣ್ಣ

ಹಳದಿ ಕೆಂಪು ಕಣ್ಣಿಗೆ ಹೊಡೆಯುತ್ತದೆ ನಿಜ. ಆದರೆ ನಮ್ಮ ರಾಜ್ಯದಲ್ಲಿ ಆ ಜೋಡಿ ನೋಡಿದ ತಕ್ಷಣ ರಾಜ್ಯೋತ್ಸವದ ಕರೆಯೋಲೆ ಅಂದುಕೊಳ್ಳುತ್ತಾರೆ. ಚುನಾವಣೆ ಹತ್ತಿರವಿದ್ದರೆ ಪಕ್ಷಗಳ ಬಣ್ಣದಿಂದಲೂ ದೂರ ಇರಿ, ಓದದೆಯೇ ಮಡಚಿಡುತ್ತಾರೆ. ನಾವು ರೊಟ್ಟಿಯ ಬಣ್ಣವನ್ನೇ, ಅಂದರೆ ಬೂದಿ ಬೆರೆತ ತಿಳಿ ಕೆನೆಬಣ್ಣವನ್ನು ಹಿನ್ನೆಲೆಗೆ ತೆಗೆದುಕೊಂಡೆವು. ಅಕ್ಷರ ಕಪ್ಪು. ಕೆಂಪು ಎರಡೇ ಕಡೆ, ಫೋಟೋದಲ್ಲಿನ ಕೆಂಪು ಖಾರದ ಚಟ್ನಿಯಲ್ಲಿ ಮತ್ತು ಫೋನ್ ಪಟ್ಟಿಯಲ್ಲಿ. ಕಣ್ಣು ತಾನಾಗೇ ಚಟ್ನಿಯಿಂದ ನಂಬರಿಗೆ ಹೋಗುತ್ತದೆ.

ಪ್ರೆಸ್ಸಿಗೆ ಕೊಡುವ ಫೈಲ್ ಸಿಎಂವೈಕೆ ಬಣ್ಣದಲ್ಲಿರಲಿ, ಅಂದರೆ ಅಚ್ಚಿನ ನಾಲ್ಕು ಇಂಕುಗಳಾದ ತಿಳಿನೀಲಿ, ಕಡುಗುಲಾಬಿ, ಹಳದಿ, ಕಪ್ಪಿನ ಲೆಕ್ಕದಲ್ಲಿ. ಮೊಬೈಲ್ ಪರದೆಯ ಮಿಂಚುವ ಹಸಿರು, ನೀಲಿ ಕಾಗದದ ಮೇಲೆ ಮಂಕಾಗುತ್ತವೆ. ಸಣ್ಣಕ್ಷರದ ಕಪ್ಪಿಗೆ ಕಪ್ಪು ಇಂಕು ಒಂದೇ 100 ಇರಲಿ, ಉಳಿದ ಮೂರು ಸೊನ್ನೆ. ನಾಲ್ಕೂ ಇಂಕು ಸೇರಿದ ಕಪ್ಪಿನಲ್ಲಿ ಒಂದೊಂದು ಇಂಕಿನ ಅಚ್ಚಿನ ಪ್ಲೇಟ್ ಒಂದಿಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರವೂ ಬೇಡ. ಇಂಕು ಹರಡಿ ತಲೆಕಟ್ಟು ಕಾಣೆಯಾಗುತ್ತದೆ.

ದುಡ್ಡು ಕಡಿಮೆ ಇದ್ದರೆ ಒಂದೇ ಬಣ್ಣದಲ್ಲಿ ಮಾಡಿಸಿ, ನಾಚಿಕೆ ಬೇಡ. ಕರಾವಳಿಯಲ್ಲಿ ಟೆಂಟಿನ ಯಕ್ಷಗಾನ ಮೇಳಗಳು ಜೋರಾಗಿದ್ದ ಕಾಲದಲ್ಲಿ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಹ್ಯಾಂಡ್‌ಬಿಲ್ ಎಸೆಯುತ್ತಿದ್ದರು. ತೆಳ್ಳನೆ ಗುಲಾಬಿ, ಹಳದಿ ಕಾಗದ, ಬರೀ ಕಪ್ಪು ಇಂಕು. ಪ್ರಸಂಗದ ಹೆಸರು ದೊಡ್ಡದಾಗಿ, ಕೆಳಗೆ ಕಲಾವಿದರು, ಜಾಗ, ದಿನ. ಮಕ್ಕಳು ಧೂಳಿನಲ್ಲಿ ಜೀಪಿನ ಹಿಂದೆ ಓಡಿ ಆಯ್ದುಕೊಳ್ಳುತ್ತಿದ್ದರು. ಇವತ್ತಿನ ನಾಲ್ಕು ಬಣ್ಣದ ಆರ್ಟ್ ಪೇಪರಿನ ಹಿಂದೆ ಯಾರು ಓಡುತ್ತಾರೆ ಹೇಳಿ!

ಫೋಟೋ

ಗೂಗಲಿನಿಂದ ತೆಗೆದ ರೊಟ್ಟಿ ಹಾಕಬೇಡಿ. ಅದು ಬೇರೆಯವರ ಸ್ವತ್ತು, ಮೇಲಾಗಿ ನಿಮ್ಮ ರೊಟ್ಟಿ ಹಾಗಿರುವುದಿಲ್ಲ. ಬೆಳಿಗ್ಗೆ ಕಿಟಕಿ ಪಕ್ಕ ತಟ್ಟೆ ಇಡಿ. ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಎದುರು ದಿಕ್ಕಿನಲ್ಲಿ ಒಂದು ಬಿಳಿ ರಟ್ಟು ನಿಲ್ಲಿಸಿ, ನೆರಳು ತಿಳಿಯಾಗುತ್ತದೆ. ಊಟಕ್ಕೆ ಕೂತವರಿಗೆ ಕಾಣುವ ಕೋನದಿಂದ ತೆಗೆಯಿರಿ. ನಾವು ಒಂದು ರೊಟ್ಟಿಯನ್ನು ಮುರಿದು ಎಣ್ಣೆಗಾಯಿ ಮೇಲೆ ಒರಗಿಸಿದೆವು. ಪೂರ್ತಿ ರೊಟ್ಟಿ ಬರೀ ವೃತ್ತ, ಮುರಿದ ರೊಟ್ಟಿ ಊಟ.

ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ, ಅಚ್ಚಿನಲ್ಲಿ ಕಾಳು ಕಾಳಾಗಿ ಬರುತ್ತದೆ.

ನಂಬರ್, ಬೆಲೆ, ವಿಳಾಸ, ಕ್ಯೂಆರ್

ಒಂದೇ ನಂಬರ್. ಐದು ಅಂಕಿ, ಜಾಗ, ಮತ್ತೆ ಐದು ಅಂಕಿ. ಹಾಗಿದ್ದರೆ ಒಬ್ಬರು ಓದಿ ಹೇಳುವಾಗ ಇನ್ನೊಬ್ಬರು ಒತ್ತಬಹುದು. ಕನ್ನಡ ಅಂಕಿಯ ಮೇಲೆ ನನಗೆ ಪ್ರೀತಿ ಇದೆ, ಆದರೆ ಫೋನಿನ ಕೀಲಿಗಳ ಮೇಲೆ ಇರುವ ಅಂಕಿಯನ್ನೇ ಇಲ್ಲೂ ಹಾಕಿ. ಪಕ್ಕದಲ್ಲಿ "ರಾತ್ರಿ 9ರೊಳಗೆ ಹೇಳಿ, ನಾಳೆ ಮಧ್ಯಾಹ್ನ ಊಟ".

ಬೆಲೆ ಹಾಕಿ. "ಕೈಗೆಟುಕುವ ದರ" ಅಂದರೆ ಓದುವವರಿಗೆ ಅನುಮಾನವೇ ಜಾಸ್ತಿ. ವಿಳಾಸಕ್ಕೆ ಕ್ರಾಸು, ಮೇನು ಬರೆದು ಬಿಡಬೇಡಿ, ಪಕ್ಕದ ಪಾರ್ಕೋ ದೇವಸ್ಥಾನವೋ ಹೇಳಿ. ಮನೆಯಲ್ಲಿ ಮಾಡಿ ಮಾರುವ ತಿಂಡಿಗೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಆ 14 ಅಂಕಿಯ ನಂಬರನ್ನು ಕೆಳಗೆ ಸಣ್ಣದಾಗಿ ಹಾಕಿದರೆ ನಂಬಿಕೆ ಬರುತ್ತದೆ.

ಕ್ಯೂಆರ್ ಕೋಡ್ ಹಾಕುವುದಾದರೆ 2 ಸೆಂ.ಮೀ.ಗಿಂತ ಚಿಕ್ಕದು ಬೇಡ. ಸುತ್ತ ಬಿಳಿ ಅಂಚು ಇರಲೇಬೇಕು. ನಮ್ಮದು ನೇರ ವಾಟ್ಸಾಪ್ ಚಾಟ್ ತೆರೆಯುತ್ತದೆ. ಉಚಿತ ತಾಣಗಳಲ್ಲಿ ಮಾಡಿದ ಕೆಲವು ಕೋಡ್‌ಗಳು ಅವರ ಸರ್ವರ್ ಮೂಲಕ ಹಾದು ಹೋಗುತ್ತವೆ, ಟ್ರಯಲ್ ಮುಗಿದ ಮೇಲೆ ಸತ್ತುಹೋಗುತ್ತವೆ. ಕೊಂಡಿಯನ್ನು ನೇರವಾಗಿ ತುಂಬಿದ ಸ್ಟ್ಯಾಟಿಕ್ ಕೋಡ್ ಮಾಡಿಕೊಳ್ಳಿ.

ಪ್ರೆಸ್ಸಿಗೆ ಕೊಡುವ ಮುನ್ನ

ಇಲ್ಲಿ ನನ್ನ ಹಳೆಯ ಗಾಯ ತೋರಿಸಬೇಕು. ಕೆಲವು ವರ್ಷದ ಹಿಂದೆ ಒಂದು ಹಪ್ಪಳ ರೊಟ್ಟಿ ಮಾರಾಟದ ಪಾಂಪ್ಲೆಟ್ ಮಾಡಿ, ಫೈಲನ್ನು ಹಾಗೇ ಒಂದು ಪ್ರೆಸ್ಸಿಗೆ ಕಳಿಸಿದೆ. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. 1000 ಪ್ರತಿ ಅಚ್ಚಾಗಿ ಬಂದವು. ಎಲ್ಲದರಲ್ಲೂ "ರೊಟ್‌ಟಿ". ಪ್ರೂಫ್ ನೋಡಲು ಬನ್ನಿ ಅಂದಿದ್ದರು, ನಾನೇ ಹೋಗಿರಲಿಲ್ಲ. ಎರಡು ವರ್ಷ ನಮ್ಮ ಮನೆಯ ದಿನಸಿ ಚೀಟಿ ಬರೆದದ್ದು ಅವುಗಳ ಹಿಂಬದಿಯಲ್ಲಿ.

ಆದ್ದರಿಂದ ಅಕ್ಷರಗಳನ್ನು ಕರ್ವ್ ಅಥವಾ ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಚಿತ್ರದ ಗೆರೆಗಳಾಗಿ ಬದಲಿಸಿ, ಪಿಡಿಎಫ್ ಕೊಡಿ. ಪಠ್ಯ ಇರುವ ಮೂಲ ಫೈಲ್ ಬೇರೆ ಉಳಿಸಿಕೊಳ್ಳಿ, ಔಟ್‌ಲೈನ್ ಆದ ಮೇಲೆ ತಿದ್ದಲು ಆಗುವುದಿಲ್ಲ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ "ನುಡಿ", "ಬರಹ" ಸಾಫ್ಟ್‌ವೇರುಗಳ, ಯೂನಿಕೋಡಿಗೆ ಮುಂಚಿನ ಹಳೆಯ ಆಸ್ಕಿ ಫಾಂಟ್‌ಗಳಲ್ಲೇ ಕೆಲಸ ನಡೆಯುತ್ತದೆ. ನಿಮ್ಮ ಯೂನಿಕೋಡ್ ಪಠ್ಯವನ್ನು ಪರಿವರ್ತನೆ ಮಾಡಿಕೊಂಡರೆ ಅರ್ಕಾವತ್ತು, ಒತ್ತುಗಳನ್ನು ಒಂದೊಂದಾಗಿ ನೋಡಿ.

ಕಾಗುಣಿತ ತಿದ್ದುವಾಗ ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಉದ್ಘಾಟನೆ "ಉದ್ಗಾಟನೆ" ಆಗಿರುತ್ತದೆ, ವಿಶೇಷ "ವಿಷೇಶ" ಆಗಿರುತ್ತದೆ. ತಾರೀಕಿಗೂ ವಾರಕ್ಕೂ ತಾಳೆ ಇದೆಯಾ ಕ್ಯಾಲೆಂಡರ್ ನೋಡಿ. ಹಾಳೆ ನೋಡಿಕೊಂಡೇ ಆ ನಂಬರಿಗೆ ಫೋನ್ ಮಾಡಿ. ಮನೆ ಪ್ರಿಂಟರಿನಲ್ಲಿ ನಿಜ ಅಳತೆಗೆ ತೆಗೆದು, ಕ್ಯೂಆರ್ ಸ್ಕ್ಯಾನ್ ಮಾಡಿ. ಆಮೇಲೆ ಇದರ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಮೂರು ಎಣಿಸಿ ಕಿತ್ತುಕೊಳ್ಳಿ. "ಏನಿತ್ತು?" ಅಂತ ಕೇಳಿ. ಪಕ್ಕದ ಮನೆಯ ಹುಡುಗ "ರೊಟ್ಟಿ. ಯಾವಾಗ ಕೊಡ್ತಾರೆ?" ಅಂದ. ಪಾಸಾಯಿತು.

ಕಾಗದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಮ್ಯಾಪ್‌ಲಿಥೋ, ಅಂದರೆ ಹೊಳಪಿಲ್ಲದ ಮಾಮೂಲಿ ಕಾಗದ ಸಾಕು. ಹೊಳಪು ಬೇಕಿದ್ದರೆ 90ರ ಆರ್ಟ್ ಪೇಪರ್. ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಪ್ಲೇಟ್ ಖರ್ಚು ಮೊದಲೇ ಬೀಳುವುದರಿಂದ 200 ಪ್ರತಿಗೂ 1000 ಪ್ರತಿಗೂ ದರದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ನೂರಿನ್ನೂರು ಸಾಕಾದರೆ ಡಿಜಿಟಲ್ ಪ್ರಿಂಟ್ ಮಾಡಿಸಿ. ಚುನಾವಣೆಯ ಕರಪತ್ರ ಮಾಡುವವರಿಗೆ ಒಂದು ಎಚ್ಚರಿಕೆ: 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಪ್ರಕಾರ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು.

ಹಂಚುವುದು

ಪೇಪರ್ ಏಜೆಂಟರಿಗೆ ಹಿಂದಿನ ದಿನವೇ ಕಟ್ಟು ಮುಟ್ಟಿಸಿ. ಬೆಳಗಿನ ಜಾವ ಹುಡುಗರು ಪೇಪರ್ ಜೋಡಿಸುವಾಗಲೇ ಒಳಗೆ ಸೇರಿಸುತ್ತಾರೆ. ಹಬ್ಬದ ಹಿಂದಿನ ಭಾನುವಾರ ಬೇಡ, ಆರೇಳು ಹಾಳೆಯ ನಡುವೆ ನಿಮ್ಮದು ಕಳೆದುಹೋಗುತ್ತದೆ. ಗೋಡೆ, ಕಂಬಕ್ಕೆ ಅಂಟಿಸಬೇಡಿ. ತೆರೆದ ಸ್ಥಳಗಳ ಅಂದಗೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ.

ಯಾವ ಕಡೆ ಹಂಚಿದ್ದು ಕೆಲಸ ಮಾಡಿತು ಅಂತ ತಿಳಿಯಲು ಒಂದು ಉಪಾಯ ಮಾಡಿದೆವು. "ಈ ಹಾಳೆಯ ಮೂಲೆಯ ಅಕ್ಷರ ಹೇಳಿ, ಒಂದು ಶೇಂಗಾ ಹೋಳಿಗೆ ಉಚಿತ" ಅಂತ ಹಾಕಿದೆವು. ಪೇಪರಿನೊಳಗೆ ಹೋದದ್ದಕ್ಕೆ "ಅ" ಸೀಲು, ಬೆಳಗಿನ ವಾಕಿಂಗಿಗೆ ಬರುವವರಿಗೆ ಪಾರ್ಕ್ ಗೇಟಿನಲ್ಲಿ ಕೈಗೆ ಕೊಟ್ಟದ್ದಕ್ಕೆ "ಆ", ದಿನಸಿ ಅಂಗಡಿಯ ಗಲ್ಲಾ ಮೇಲೆ ಇಟ್ಟದ್ದಕ್ಕೆ "ಇ". ಅಕ್ಕ ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತಾ ಹೋದರು. ಪೇಪರಿನದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ಹದಿನೈದು ದಿನಕ್ಕೆ "ಇ" ಮುಂದೆ ಹೋಗಿತ್ತು. ಬೇಳೆ ತೂಗಿಸಿಕೊಳ್ಳುತ್ತಾ ನಿಂತವರಿಗೆ ಓದಲು ಬೇರೆ ಏನೂ ಇರಲಿಲ್ಲವಲ್ಲ.

ಎರಡನೇ ಸಲ ಅಚ್ಚು ಹಾಕಿಸುವಾಗ ಇಡೀ ಹಾಳೆಯಲ್ಲಿ ಬದಲಾದದ್ದು ಒಂದೇ ಅಂಕಿ. ರಾತ್ರಿ 9 ಇದ್ದದ್ದು 8 ಆಯಿತು. ಫೋನ್ ಎತ್ತಿ ಎತ್ತಿ ಅಕ್ಕನ ಊಟ ತಣ್ಣಗಾಗುತ್ತಿತ್ತಂತೆ.